ಹಿಂದಿನ ಗಾಲಿಯ ಕಲ್ಲು

ಇದನ್ನು ಓದಿ ನಗುವವರು ನಗಲಿ. ಆದರೆ ನಗುವ ಮೊದಲು ಒಮ್ಮೆ ಎದ್ದು ಹೋಗಿ, ಮನೆ ಮುಂದೆ ನಿಂತ ನಿಮ್ಮ ಕಾರಿನ ಹ್ಯಾಂಡ್ ಬ್ರೇಕ್ ಮುಟ್ಟಿ ನೋಡಿ ಬನ್ನಿ. ಎಳೆದಿದೆಯೇ? ಸರಿ... ಈಗ ಕೇಳಿ. ನಾನು ಹೇಳುವುದರಲ್ಲಿ ಒಂದು ಮಾತೂ ಕಟ್ಟಿದ್ದಲ್ಲ. ಕಟ್ಟುವುದೇ ಆಗಿದ್ದರೆ ಇದಕ್ಕಿಂತ ಒಳ್ಳೆಯ ಮನುಷ್ಯನನ್ನಾಗಿ ನನ್ನನ್ನು ನಾನು ಕಟ್ಟಿಕೊಳ್ಳುತ್ತಿದ್ದೆ.

ಶಹಾಪುರದಲ್ಲಿ ನನ್ನದೊಂದು ಬೀಜ–ಗೊಬ್ಬರದ ಅಂಗಡಿ. ಮೂವತ್ತು ವರ್ಷ ಮೋಟರ್ ಸೈಕಲ್ ಮೇಲೆ ತಿರುಗಿದವನು ಹೋದ ವರ್ಷ ಮನೆಮಂದಿಗೆಂದು ಒಂದು ಬಿಳಿ ಕಾರು ಕೊಂಡೆ. ದೊಡ್ಡ ಜೀಪಲ್ಲ, ಸಂಸಾರಸ್ಥರ ಕಾರೇ. ಆದರೆ ಗೇರಿನ ಪಕ್ಕದಲ್ಲಿ ತಿರುಗಿಸುವ ಒಂದು ದುಂಡನೆಯ ಗುಬ್ಬಿ, ಅದರ ಸುತ್ತ ಕೆಸರು, ಉಸುಕು, ಹಿಮದ ಚಿತ್ರಗಳು. ಅದನ್ನು ನೋಡಿ ನನ್ನ ಹೆಂಡತಿ ಸಿದ್ದಮ್ಮ ಕೇಳಿದ್ದಳು: "ಹಿಮದ ಚಿತ್ರ ಅದ, ನಮ್ಮ ಯಾದಗಿರಿ ಬಿಸಲಿನ ಚಿತ್ರ ಇಲ್ಲೇನ್ರಿ?"

ಕಾರು ಕೊಟ್ಟ ದಿನ ಕಲಬುರಗಿಯ ಶೋರೂಮಿನ ಹುಡುಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಂಗಳದ ಸಿಮೆಂಟು ದಿಬ್ಬದ ಮೇಲೆ ಅರ್ಧಕ್ಕೆ ನಿಲ್ಲಿಸಿದ. "ನೋಡ್ರಿ ಸರ್, ಏರಿನ ಮ್ಯಾಲ ಅದೀವಿ. ಬ್ರೇಕ್ ಬಿಟ್ಟೆ. ಗಾಡಿ ಹಿಂದ ಹೋಯ್ತೇನ್ರಿ?"

ಹೋಗಲಿಲ್ಲ. ಕೂಸನ್ನು ಎತ್ತಿಕೊಂಡ ತಾಯಿಯ ಹಾಗೆ ನಿಂತಿತ್ತು.

"ಇದಕ್ಕ ಹಿಲ್ ಹೋಲ್ಡ್ ಅಂತಾರ್ರಿ," ಎಂದು ಹೇಳುತ್ತಲೇ ಅವನು ಕಾರು ಮುಂದಕ್ಕೆ ಬಿಟ್ಟ. ಆಮೇಲೆ ಇನ್ನೂ ಏನೇನೋ ಹೇಳಿದ. ನಾನು ಕೇಳಲಿಲ್ಲ. ಗುಬ್ಬಿ ತಿರುಗಿಸುವುದರಲ್ಲಿದ್ದೆ. ಕಾರಿನ ಜೊತೆ ಕೊಟ್ಟ ಪುಸ್ತಕದ ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚಲಿಲ್ಲ. ನನಗೆ ಅರ್ಥವಾದದ್ದು ಇಷ್ಟೇ... ಈ ಕಾರು ಏರಿನಲ್ಲಿ ಹಿಂದೆ ಬರುವುದಿಲ್ಲ.

ಈ ಅರ್ಧ ತಿಳಿವಳಿಕೆಯೇ ಮುಂದಿನದಕ್ಕೆಲ್ಲ ಮೂಲ.

ನನ್ನ ಅಕ್ಕ ನಾಗಮ್ಮ ಸುರಪುರದ ಆಚೆ, ಕೃಷ್ಣಾ ದಂಡೆಯ ಹಳ್ಳಿಯಲ್ಲಿ ಇರುವವಳು. ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಅವಳಿಗೆ ಹದಿನಾಲ್ಕು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಅವಳು. ಅದೇ ಸೊಂಟ ಹೋದ ಕಾರ್ತೀಕದಲ್ಲಿ ಬಚ್ಚಲಲ್ಲಿ ಜಾರಿ ಮುರಿಯಿತು. ಆಪರೇಷನ್ ಆಗಿ ಒಳಗೆ ರಾಡು ಹಾಕಿದ್ದರು. ಎರಡು ತಿಂಗಳು ನೆಲಕ್ಕೆ ಕಾಲು ಊರಕೂಡದು ಎಂದು ಡಾಕ್ಟರರ ಮಾತು. ಮೂರು ವಾರಕ್ಕೆ ಕಲಬುರಗಿಯಲ್ಲಿ ತೋರಿಸಬೇಕಿತ್ತು, ಬೆಳಿಗ್ಗೆ ಒಂಬತ್ತಕ್ಕೇ. ಹಿಂದಿನ ಸಂಜೆಯೇ ಅವಳನ್ನು ನಮ್ಮ ಮನೆಗೆ ಕರೆತರೋಣವೆಂದು ನಾನೂ ಸಿದ್ದಮ್ಮನೂ ಹೋದೆವು.

ಅಕ್ಕನನ್ನು ಇಬ್ಬರು ಹಿಡಿದೆತ್ತಿ ಹಿಂದಿನ ಸೀಟಿನಲ್ಲಿ ಅಡ್ಡಲಾಗಿ ಕೂರಿಸಿ, ಕಾಲ ಕೆಳಗೆ ದಿಂಬು ಕೊಟ್ಟೆವು. ಅಲ್ಲಿಂದ ಅವಳು ತಾನಾಗಿ ಇಳಿಯುವಂತಿರಲಿಲ್ಲ. ಬಾಗಿಲು ತೆರೆದು ಕೊಟ್ಟರೂ ಇಳಿಯುವಂತಿರಲಿಲ್ಲ. ಇದೊಂದು ಮಾತು ನೆನಪಿಡಿ.

ಹೊರಟಾಗ ಆರೂವರೆ. ಮಧ್ಯಾಹ್ನ ಅಕಾಲದ ಮಳೆ ಬಂದು ಹೋಗಿತ್ತು. ಡಾಂಬರು ರಸ್ತೆಗೆ ಬಂದು ನೋಡಿದರೆ ಕಾಲುವೆಯ ಸೇತುವೆಗೆ ಮುಳ್ಳಿನ ಬೇಲಿ ಹಾಕಿದ್ದರು, ಕೆಲಸ ನಡೆದಿತ್ತು. ಉಳಿದದ್ದು ಗುಡ್ಡದ ಹಳೆಯ ಬಂಡಿದಾರಿ.

"ಇವತ್ತು ಇಲ್ಲೇ ಇದ್ದು ನಸಕ್ನ್ಯಾಗ ಎದ್ದು ಹೋಗೋಣ್ರಿ," ಎಂದಳು ಸಿದ್ದಮ್ಮ. "ಅಕ್ಕನ್ನ ಕರ್ಕೊಂಡು ಈ ಕತ್ತಲದಾಗ ಗುಡ್ಡ ಯಾಕ?"

"ಏಯ್, ಈ ಗಾಡಿ ಇರೋದೇ ಗುಡ್ಡಕ್ಕ. ಇಳಿಯಾಕ ಒಂದು ಬಟನ್, ಏರಾಕ ಒಂದು, ಕೆಸರ ರಾಡಿಗಿ ಒಂದು."

"ನಿಮ್ಮ ಬಾಯಿಗಿ ಒಂದರ ಬ್ರೇಕ್ ಇಲ್ಲ, ಗಾಡಿಗಿ ಮಾತ್ರ ನಾಕ್ ನಮೂನಿ," ಎಂದು ಅವಳು ಗಾಜು ಏರಿಸಿಕೊಂಡಳು.

ಮೊದಲು ಹಳ್ಳಕ್ಕೆ ಇಳಿಯುವ ಇಳುಕಲು. ದಾರಿಯ ಮೊರಂ ಮಣ್ಣು ನೆನೆದು ಸಾಬೂನಿನಂತಾಗಿತ್ತು. ನಾನು ಇಳಿಯುವ ಬಟನ್ ಒತ್ತಿ, ಕಾಲೆರಡನ್ನೂ ಹಿಂದಕ್ಕೆ ತೆಗೆದೆ. ಕಾರು ತನ್ನಷ್ಟಕ್ಕೆ ತಾನು, ಒಬ್ಬ ಮನುಷ್ಯ ನಡೆಯುವ ವೇಗದಲ್ಲಿ ಇಳಿಯತೊಡಗಿತು. ಕೆಳಗಿನಿಂದ ಗರ್ರ್... ಗರ್ರ್... ಎಂದು ಹಲ್ಲು ಕಡಿಯುವಂಥ ಸಪ್ಪಳ.

"ತಮ್ಮಾ..." ಎಂದಳು ಅಕ್ಕ ಹಿಂದಿನಿಂದ. "ಯಾರೋ ಹಿಂದಿಂದ ಹಿಡದು ಜಗ್ಗಾಕತ್ತಾರಲ್ಲೋ."

"ಯಾರೂ ಇಲ್ಲಕ್ಕಾ. ಗಾಡೀನೇ ಒಂದೊಂದು ಗಾಲಿ ಹಿಡದು ಬಿಡಾಕತ್ತದ. ನೋಡು, ನನ್ನ ಕಾಲು ಬ್ರೇಕಿನ ಮ್ಯಾಲ ಇಲ್ಲೇ ಇಲ್ಲ."

"ಕಾಲು ತಗದು ಗಾಡಿ ಹೊಡೀತಿಯೇನೋ ಮೂಳಾ!"

ಮೂವರೂ ನಕ್ಕೆವು. ಆ ರಾತ್ರಿ ನಾವು ನಕ್ಕದ್ದು ಅದೇ ಕೊನೆ ಇರಬೇಕು... ಅಲ್ಲ, ಇನ್ನೊಂದು ಸಲ ನಕ್ಕೆವು. ಹಳ್ಳದ ಕೆಸರಿನಲ್ಲಿ ಎಡಗಾಲಿ ಗಿರಗಿರನೆ ಸುತ್ತಿ ನಿಂತಲ್ಲೇ ನಿಂತಾಗ ಗುಬ್ಬಿಯನ್ನು ಕೆಸರಿನ ಚಿತ್ರಕ್ಕೆ ತಿರುಗಿಸಿದೆ. ಜಾರುವ ಗಾಲಿಯನ್ನು ಕಾರು ತಾನೇ ಹಿಡಿದು, ನೆಲ ಸಿಕ್ಕ ಗಾಲಿಗೆ ಬಲ ಕೊಟ್ಟು, ನಿಧಾನಕ್ಕೆ ಮೇಲೆ ಬಂತು. ಅದನ್ನು ತಿಳಿಸಿ ಹೇಳಿದರೆ ಅಕ್ಕ, "ಎತ್ತಿಗಿದ್ದ ಬುದ್ಧಿ ಕಬ್ಬಣಕ್ಕೂ ಬಂತು ಅನ್ನು," ಎಂದಳು.

ಅಲ್ಲಿಂದ ಏರು. ಏರಿನ ಬುಡದಲ್ಲಿ, ಕಾರಿನ ಬೆಳಕಿಗೆ, ಆಳೆತ್ತರದ ಕಲ್ಲಿನ ಗುಂಪಿ ಕಾಣಿಸಿತು. ಎಲ್ಲ ಒಂದೇ ಅಳತೆಯ ಕಲ್ಲು, ಎರಡು ಕೈಯಲ್ಲಿ ಹಿಡಿಯುವಷ್ಟು.

ಅಕ್ಕನ ದನಿ ಬದಲಾಯಿತು. "ಇದೇ ನೋಡು, ಕಲ್ಲಗುಂಪಿ ಏರು. ನಮ್ಮ ಮುತ್ಯಾ ಜ್ವಾಳದ ಬಂಡಿ ಹೊಡಕೊಂಡು ಇದೇ ದಾರೀಲೆ ಸುರಪುರಕ್ಕ ಹೋಗ್ತಿದ್ದ. ಎತ್ತು ದಣದು ನಡುವ ನಿಂತ್ರ ಬಂಡಿ ಹಿಂದ ಬರಬಾರದಂತ ಹಿಂದಿನ ಗಾಲಿಗಿ ಕಲ್ಲು ಹಚ್ಚೋದು. ದಣುವಾರಿಸಿಕೊಂಡು ಹೋಗುವಾಗ ಆ ಕಲ್ಲು ದಾರ್ಯಾಗ ಬಿಡಂಗಿಲ್ಲ. ತಿರುಗಿ ಗುಂಪಿಗಿ ಹಾಕಿ ಬರಬೇಕು, ಎಷ್ಟೇ ದೂರಿರಲಿ. ಹಿಂದ ಬರೋರು ಎಡವಿ ಬೀಳಬಾರದಲ್ಲ?"

"ಬಿಟ್ಟು ಹೋದ್ರ?" ಎಂದಳು ಸಿದ್ದಮ್ಮ.

"ಕಲ್ಲು ತಗೀಲಾರದ ಬಂಡಿ ಏರು ಏರಿಲ್ಲ... ಅಂತಿದ್ದ ಮುತ್ಯಾ. ಹೋದ್ರೂ ಹೋದಂಗಲ್ಲ. ಅಲ್ಲೇ ನಿಂತಿರ್ತದ."

"ಈಗ ಕಲ್ಲಿನ ಕೆಲಸ ಇಲ್ಲಕ್ಕಾ," ಎಂದೆ ನಾನು. "ಗಾಡ್ಯಾಗ ಹಿಲ್ ಹೋಲ್ಡ್ ಅದ."

ಏರಿನ ನಡುವೆ ಒಂದು ತಿರುವು. ತಿರುವಿನ ಕೆಳಗೆ, ನಮ್ಮ ಬೆನ್ನಿಗೆ, ಕಲ್ಲು ಒಡೆದು ಬಿಟ್ಟ ಹಳೆಯ ಕ್ವಾರಿ. ತುಂಬ ನೀರು. ಒಂದು ಕಲ್ಲು ಉರುಳಿದರೆ ನೀರಿನ ಸದ್ದು ಕೇಳಲು ಎರಡು ಉಸಿರು ಕಾಯಬೇಕು, ಅಷ್ಟು ಆಳ. ತಿರುವು ದಾಟುತ್ತಲೇ ಬ್ರೇಕ್ ಒತ್ತಿದೆ. ಮಳೆಗಾಳಿಗೆ ಮುರಿದ ಬಳ್ಳಾರಿ ಜಾಲಿಯ ದೊಡ್ಡ ಟೊಂಗೆ ದಾರಿಗೆ ಅಡ್ಡ ಬಿದ್ದಿತ್ತು.

ಗೇರನ್ನು ನ್ಯೂಟ್ರಲ್‌ಗೆ ತಂದೆ. ಬೆಳಕು ಬೇಕೆಂದು ಇಂಜಿನ್ ಹಾಗೆಯೇ ಬಿಟ್ಟೆ. ಕಾಲು ತೆಗೆದೆ. ಕಾರು ಕದಲಲಿಲ್ಲ. ನೋಡಿದೆಯಾ ಎನ್ನುವಂತೆ ಸಿದ್ದಮ್ಮನ ಮುಖ ನೋಡಿ ಇಳಿದೆ. ಬ್ಯಾಟರಿ ಹಿಡಿದು ಅವಳೂ ಇಳಿದಳು.

ಅಕ್ಕ ಒಬ್ಬಳೇ ಒಳಗೆ.

ಜಾಲಿಯ ಮುಳ್ಳು ಗೊತ್ತಿದ್ದವರಿಗೆ ಗೊತ್ತು. ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಚುಚ್ಚುತ್ತದೆ. ಎಳೆದೆವು, ಬಿಟ್ಟೆವು, ಮತ್ತೆ ಎಳೆದೆವು. ಹತ್ತು ನಿಮಿಷವಾದರೂ ಆಗಿರಬೇಕು. ಆ ನಡುವೆ...

ಟಕ್.

ಕಲ್ಲಿಗೆ ರಬ್ಬರು ತಾಗಿದ ಸದ್ದು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ... ಟಕ್.

"ಏನ್ರೀ ಅದು?"

"ಇಂಜಿನ್ ಬಿಸಿ ಆಗ್ಯದ, ಬಿಡು."

ಆಗಲೇ ಆ ವಾಸನೆ ಬಂತು. ಹಸಿ ಮಣ್ಣಿನದಲ್ಲ, ಪೆಟ್ರೋಲಿನದಲ್ಲ. ಮರದ ಗಾಲಿಯ ಅಚ್ಚಿಗೆ ಹಚ್ಚುತ್ತಿದ್ದ ಕರೀ ಕೀಲೆಣ್ಣೆಯ ವಾಸನೆ. ಈಗ ಬಂಡಿಗೂ ಟೈರು ಬಂದು ಎಷ್ಟು ಕಾಲವಾಯಿತು... ಆ ವಾಸನೆಯನ್ನು ನಾನು ಹಿಂದೆ ಮೂಸಿದ್ದು ನಮ್ಮ ಮುತ್ಯಾನ ಧೋತರದಲ್ಲಿ, ಚಿಕ್ಕಂದಿನಲ್ಲಿ ಆ ಅಜ್ಜನ ತೊಡೆಯ ಮೇಲೆ ಮಲಗುತ್ತಿದ್ದಾಗ.

ಕಾರಿನೊಳಗಿನಿಂದ ಅಕ್ಕನ ಮೆಲುದನಿ ಕೇಳಿಸಿತು. "ಹೌದ್ರಿ ಮುತ್ಯಾ... ಸ್ವಂಟಕ್ಕ ರಾಡ್ ಹಾಕ್ಯಾರ್ರಿ... ಇಲ್ರಿ, ನೆಲಕ್ಕ ಕಾಲು ಊರಂಗಿಲ್ಲ..."

"ಅಕ್ಕ ಫೋನ್‌ನಾಗ ಮಾತಾಡಾಕತ್ತಾಳೇನು?" ಎಂದು ಸಿದ್ದಮ್ಮ ಪಿಸುಗುಟ್ಟಿದಳು.

ನಾನು ಕಿಸೆ ಮುಟ್ಟಿ ನೋಡಿಕೊಂಡೆ. ಅಕ್ಕನ ಫೋನು ನನ್ನ ಕಿಸೆಯಲ್ಲಿತ್ತು.

ಟೊಂಗೆಯನ್ನು ಹೇಗೋ ಬದಿಗೆ ನೂಕಿ ಓಡಿ ಬಂದೆವು. ಅಕ್ಕ ಕಿಟಕಿಯ ಗಾಜು ಇಳಿಸಿ ಕೂತಿದ್ದಳು. ಮುಖದಲ್ಲಿ ಭಯವೇ ಇಲ್ಲ.

"ಯಾರ ಜೋಡಿ ಮಾತಾಡಿದಿ ಅಕ್ಕಾ?"

"ಯಾರೋ ಒಬ್ಬ ಮುದುಕ ಮುತ್ಯಾ ಬಂದಿದ್ದನಲ್ಲ. ಪಾಪ, ಕಲ್ಲು ಹಚ್ಚಿ ಹಿಂದ ಕುಂತಾನ. ಹೋಗುವಾಗ ಕಲ್ಲು ತಗದು ಗುಂಪಿಗಿ ಹಾಕ್ರಿ ಅಂದಾನ. ಹೋಗು, ಹಾಕಿ ಬಾ."

ನಾನು ಸೀಟಿನಲ್ಲಿ ಕೂತು ಬ್ರೇಕ್ ಮೇಲೆ ಕಾಲಿಟ್ಟು, ಹ್ಯಾಂಡ್ ಬ್ರೇಕ್ ಇಳಿಸಲು ಕೈ ಹಾಕಿದೆ.

ಅದು ಮೊದಲೇ ಕೆಳಗಿತ್ತು.

ಇರಲಿ, ಹಿಲ್ ಹೋಲ್ಡ್ ಹಿಡಿದಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅಕ್ಕನಿಗೆ ಮಾತ್ರೆಯ ಮಂಪರು. ಸದ್ದು ಇಂಜಿನ್ನಿನದು. ವಾಸನೆ... ವಾಸನೆಗೆ ಏನೂ ಹೊಳೆಯಲಿಲ್ಲ. ಒಂದು ಮಾತು ಮಾತ್ರ ಸ್ಪಷ್ಟವಿತ್ತು. ಇಳಿದು ಆ ಕಾರಿನ ಹಿಂದಕ್ಕೆ ಹೋಗಲು ನನ್ನಿಂದ ಆಗುವುದಿಲ್ಲ.

ಅಷ್ಟರಲ್ಲಿ ಕನ್ನಡಿಯಲ್ಲಿ, ಹಳ್ಳದ ಆಚೆಯ ಇಳುಕಲಿನಲ್ಲಿ, ಒಂದೇ ಒಂದು ದೀಪ ಕಾಣಿಸಿತು. ಯಾರದೋ ಮೋಟರ್ ಸೈಕಲ್. ನಮ್ಮ ಹಿಂದೆಯೇ ಬರುತ್ತಿತ್ತು.

"ಕಲ್ಲು ಹಾಕಿದ್ಯಾ ತಮ್ಮಾ?" ಎಂದಳು ಅಕ್ಕ. ಮಾತ್ರೆಯ ಮಂಪರಿಗೆ ಅವಳ ಕಣ್ಣು ಮುಚ್ಚಿತ್ತು, ನಾನು ಇಳಿದೆನೋ ಇಲ್ಲವೋ ಅವಳಿಗೆ ಗೊತ್ತಾಗಿರಲಿಲ್ಲ.

"ಹಾಕೀನಿ ಅಕ್ಕಾ."

ಸಿದ್ದಮ್ಮ ನನ್ನತ್ತ ನೋಡಿದಳು. ನಾನು ಗೇರು ಹಾಕಿದೆ. ಕಾರು ಮುಂದೆ ಹೊರಟ ಆ ಕ್ಷಣ, ಬೆನ್ನ ಮೇಲಿನ ಮೂಟೆ ಯಾರೋ ಇಳಿಸಿಕೊಂಡಂತೆ ಒಮ್ಮೆಲೇ ಹಗುರಾಯಿತು. ಹಿಂದಿನಿಂದ ಒಂದು ನಿಟ್ಟುಸಿರು... ಅದು ನನ್ನದೇ ಇದ್ದರೂ ಇರಬಹುದು.

ಏರಿನ ನೆತ್ತಿಯಲ್ಲಿ, ಬಂಡಿದಾರಿ ಡಾಂಬರಿಗೆ ಕೂಡುವಲ್ಲಿ, ಹಣಮಂತ ಎನ್ನುವವನ ಚಹಾದ ಗುಡಿಸಲು. ಮಿರ್ಚಿಯ ಬಾಣಲೆ ಇಳಿಸುತ್ತಿದ್ದ. ನನಗೆ ನೀರು ಬೇಕಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವನು ಕೇಳಿದ: "ಕೆಳಗಿಂದ ಬಂದ್ರಿ? ನಡುವ ನಿಂತಿದ್ರೇನ್ರಿ?"

"ಹೂಂ. ಟೊಂಗಿ ಬಿದ್ದಿತ್ತು."

"ಕಲ್ಲು ಗುಂಪಿಗಿ ಹಾಕಿ ಬಂದ್ರಿಲ್ರಿ?"

ಅಕ್ಕ ಕಿಟಕಿಯಿಂದ ಕೇಳಿಸಿಕೊಳ್ಳುತ್ತಿದ್ದಳು. ಅವಳ ಮುಂದೆ ಹೇಳಿದ ಸುಳ್ಳನ್ನು ಅವಳ ಮುಂದೆಯೇ ಹೇಗೆ ತಿರುಗಿಸಲಿ?

"ಹಾಕೀನ್ರಿ."

"ಛಲೋ ಆಯ್ತು ಬಿಡ್ರಿ," ಎಂದು ಅವನು ಚಹಾ ಕೊಟ್ಟ.

ಚಹಾ ಕುಡಿದೆ. ಸಿದ್ದಮ್ಮ ಬಾಯಿಗೆ ಸೆರಗು ಒತ್ತಿಕೊಂಡು ದಾರಿಯನ್ನೇ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ. ಆ ಒಂಟಿ ದೀಪ ಇಷ್ಟೊತ್ತಿಗೆ ಮೇಲೆ ಬರಬೇಕಿತ್ತು. ಲೋಟ ಖಾಲಿಯಾಯಿತು. ಬರಲಿಲ್ಲ.

"ರೀ..." ಎಂದಳು ಸಿದ್ದಮ್ಮ ಮೆಲ್ಲಗೆ. "ಒಂದು ಸರ್ತಿ ತಿರುಗಿ ಹೋಗಿ ನೋಡೋಣೇನು?"

"ಹಳ್ಳದ ಅತ್ತಲಿಂದಾನೇ ಹೊಳ್ಳಿ ಹೋಗಿರ್ಬೇಕು," ಎಂದು ಹೇಳಿ ನಾನು ಕಾರು ಹತ್ತಿದೆ.

ಮರುದಿನ ಡಾಕ್ಟರರು ಅಕ್ಕನ ಎಕ್ಸ್‌ರೇ ನೋಡಿ ಮೂಳೆ ಚೆನ್ನಾಗಿ ಕೂಡುತ್ತಿದೆ ಎಂದರು. ಅವಳನ್ನೂ ಸಿದ್ದಮ್ಮನನ್ನೂ ಆಸ್ಪತ್ರೆಯ ನೆರಳಿನಲ್ಲಿ ಬಿಟ್ಟು ನಾನು ಶೋರೂಮಿಗೆ ಹೋದೆ. ಅದೇ ಹುಡುಗ ಸಿಕ್ಕ.

"ಈ ಹಿಲ್ ಹೋಲ್ಡ್ ಎಷ್ಟೊತ್ತು ಹಿಡೀತದಪಾ?"

"ಎರಡು ಸೆಕೆಂಡ್ರಿ ಸರ್. ಭಾಳಂದ್ರ ಮೂರು. ಬ್ರೇಕಿನಿಂದ ಕಾಲು ತಗದು ಆಕ್ಸಿಲೇಟರ್ ಮ್ಯಾಲ ಇಡೋತನಕ ಅಷ್ಟೇ. ಅವತ್ತೇ ಹೇಳಿದ್ನೆಲ್ರಿ?"

"ಹತ್ತು ನಿಮಿಷ?"

ಹುಡುಗ ನಕ್ಕ. "ಹತ್ತು ನಿಮಿಷ ಹ್ಯಾಂಡ್ ಬ್ರೇಕ್ ಹಿಡೀತದ್ರಿ."

"ಹ್ಯಾಂಡ್ ಬ್ರೇಕ್ ಹಾಕಿದ್ದಿಲ್ಲ. ನ್ಯೂಟ್ರಲ್‌ನಾಗ ಇತ್ತು. ನಾನು ಕೆಳಗ ಇಳದಿದ್ದೆ."

ಅವನ ನಗೆ ನಿಂತಿತು. "ನ್ಯೂಟ್ರಲ್‌ನಾಗ ಈ ಗಾಡಿ ಎರಡು ಸೆಕೆಂಡೂ ಹಿಡಿಯಂಗಿಲ್ರಿ ಸರ್. ಇಳದ ಕೂಡಲೇ ಹಿಂದ ಹೋಗಿರ್ತಿತ್ತು. ಒಳಗ ಯಾರಿದ್ರು?"

ಒಳಗೆ ಯಾರಿದ್ದರು... ಕೆಳಗೆ ಕ್ವಾರಿ, ಹಿಂದಿನ ಸೀಟಿನಲ್ಲಿ ನನ್ನನ್ನು ಹೊತ್ತು ಬೆಳೆಸಿದ ಜೀವ. ನಾನು ಅಲ್ಲೇ ಒಂದು ಕುರ್ಚಿಯಲ್ಲಿ ಕೂತೆ.

ಮೂರನೆಯ ದಿನ ಬೆಳಿಗ್ಗೆ ಒಬ್ಬನೇ ಹೊರಟೆ. ಕಲ್ಲು ತೆಗೆದು ಗುಂಪಿಗೆ ಹಾಕಿ ಬರೋಣ, ಇದನ್ನು ಮುಗಿಸೋಣ ಎಂದು. ಹಣಮಂತನ ಗುಡಿಸಲಲ್ಲಿ ನಿಲ್ಲಿಸಿದಾಗ ಅವನು ನನ್ನ ಗುರುತು ಹಿಡಿದ.

"ಅವತ್ತು ನೀವು ಹ್ವಾದ ಮ್ಯಾಲ ಭಾಳ ಕೆಟ್ಟ ಆಯ್ತ್ರಿ. ಮೀನ ಮಾರೋ ಯಲ್ಲಪ್ಪ, ಹೊಳಿ ದಂಡಿಯಾಂವ, ಬೈಕ್ ಮ್ಯಾಲ ಸುರಪುರಕ್ಕ ಹೊಂಟಿದ್ದ. ತಿರುವಿನಾಗ ಬಿದ್ದಾನ. ನಸಕಿನ್ಯಾಗ ಕುರಿ ಕಾಯೋರು ನೋಡ್ಯಾರ. ಬೆನ್ನೆಲುಬು ಮುರದದ. ಜೀವ ಅದ, ಸ್ವಂಟದ ಕೆಳಗ ಏನೂ ಇಲ್ಲ."

ನಾನು ಕೆಳಗಿನ ದಾರಿಯತ್ತ ನೋಡಿದೆ. "ಹೆಂಗ ಬಿದ್ದ? ಕಲ್ಲು ಏನರ..."

"ಕಲ್ಲಾ? ನಾನೇ ಹೋಗಿ ನೋಡೀನ್ರಿ. ದಾರಿ ಮ್ಯಾಲ ಒಂದು ಹರಳೂ ಇದ್ದಿಲ್ಲ. ನೀವು ತಗದು ಹಾಕಿದ್ರೆಲ್ಲ?"

ಆಮೇಲೆ ಅವನೇ ಹೇಳಿದ: "ಹಿಂದಕ ಅಲ್ಲೇ ಒಬ್ಬ ಮುತ್ಯಾ ಇದ್ನಂತ್ರಿ. ಏರಿನ್ಯಾಗ ನಿಂತ ಬಂಡಿಗಿ ಕಲ್ಲು ಹಚ್ಚೋದೇ ಅವನ ಕೆಲಸ. ಯಾರರ ಒಂದು ಹಿಡಿ ಜ್ವಾಳ ಕೊಟ್ರ ಅದೇ ಊಟ. ಒಂದು ದಿನ ತುಂಬಿದ ಬಂಡಿ ಹಿಂದ ಬರಾಕ ಹತ್ಯದ, ಒಳಗ ಹೆಣ್ಮಕ್ಕಳು. ಕಲ್ಲು ನೋಡಿದ್ರ ಇಲ್ಲ. ಮುಂದ ಹ್ವಾದಾಂವ ತಿರುಗಿ ಹಾಕಿದ್ದಿಲ್ಲ. ಮುತ್ಯಾ ಏನ್ ಮಾಡ್ಯಾನ... ಗಾಲಿಗಿ ಬೆನ್ನು ಕೊಟ್ಟಾನ. ಹೆಣ್ಮಕ್ಕಳು ಉಳದ್ರು."

ಮುತ್ಯಾ ಉಳಿದನೇ ಎಂದು ನಾನು ಕೇಳಲಿಲ್ಲ.

ಏರಿಗೆ ನಡೆದೇ ಇಳಿದೆ. ಜಾಲಿಯ ಟೊಂಗೆ ನಾವು ನೂಕಿದಲ್ಲೇ ಇತ್ತು. ಮೊರಮ್ಮಿನಲ್ಲಿ ನನ್ನ ಹಿಂದಿನ ಗಾಲಿಗಳು ನಿಂತ ಎರಡು ಗುಳಿ. ಗುಳಿಯ ಹಿಂದೆ ಕಲ್ಲು ಊರಿದ ಎರಡು ಗುರುತು, ಒಂದೊಂದರ ಅಂಚಿನಲ್ಲೂ ಕರೀ ಎಣ್ಣೆಯ ಕಲೆ. ಕಲ್ಲು ಮಾತ್ರ ಇರಲಿಲ್ಲ. ಬೆರಳಿನಿಂದ ಮುಟ್ಟಿ ಮೂಸಿ ನೋಡಿದೆ... ಅದೇ ವಾಸನೆ. ಬುಡದ ಗುಂಪಿಯಲ್ಲಿ ಹುಡುಕಿದೆ. ನೂರಾರು ಕಲ್ಲು, ಎಲ್ಲ ಒಂದೇ ಅಳತೆ. ನಮ್ಮದು ಯಾವುದು? ಗುಂಪಿಗೆ ಬಂದಿದೆಯೋ ಇಲ್ಲವೋ, ಯಾರು ಹೇಳಬೇಕು? ಒಂದು ಕಲ್ಲು ಎತ್ತಿ ಮತ್ತೆ ಅಲ್ಲೇ ಇಟ್ಟೆ. ಕೈ ಮುಗಿದೆ. ಏನೂ ಮುಗಿದಂತೆ ಅನಿಸಲಿಲ್ಲ.

ತಿಂಗಳು ಕಳೆದ ಮೇಲೆ ಹಣ್ಣು ಹಿಡಿದುಕೊಂಡು ಯಲ್ಲಪ್ಪನ ಮನೆಗೆ ಹೋದೆ. ಕಾರನ್ನು ಊರ ಹೊರಗಿನ ಬೇವಿನ ಮರದ ಕೆಳಗೆ ಬಿಟ್ಟು ನಡೆದು ಹೋದೆ. ಮೂವತ್ತೈದರ ಆಳು, ನದಿಯಲ್ಲಿ ಬಲೆ ಎಳೆದ ತೋಳು ಇನ್ನೂ ಹಾಗೆಯೇ ಇದ್ದವು. ಕೌದಿಯ ಕೆಳಗೆ ಕಾಲು ಇದ್ದವೋ ಇಲ್ಲವೋ ಎನ್ನುವಂತೆ ಸಪಾಟಾಗಿದ್ದವು. ಪಕ್ಕದಲ್ಲಿ ಅವನ ಹೆಂಡತಿ ಹರಿದ ಬಲೆ ಹೊಲಿಯುತ್ತಿದ್ದಳು, ಯಾರಿಗೆ ಮಾರಲೆಂದೋ.

"ನೀವು ಯಾರಂತ ಗುರ್ತು ಹತ್ತಲಿಲ್ರಿ," ಎಂದ.

"ಶಹಾಪುರದಾಂವ. ಹಣಮಂತ ಹೇಳಿದ, ನೋಡಿ ಹೋಗೋಣಂತ ಬಂದೆ... ಹೆಂಗ ಬಿದ್ಯೋ ತಮ್ಮಾ?"

"ಯಾರೂ ನಂಬಂಗಿಲ್ಲ ಬಿಡ್ರಿ. ಕುಡದಿದ್ದ ಅಂತಾರ. ನಾ ಕುಡಿಯಾಂವಲ್ಲ, ಹೊಳಿ ಆಣಿ." ಅವನು ಗೋಡೆಯತ್ತ ನೋಡುತ್ತ ಹೇಳತೊಡಗಿದ. "ಕೆಳಗಿಂದ ನೋಡೀನಿ, ಒಂದು ಗಾಡಿ ಏರು ಹತ್ತಿ ಹೋಯ್ತು, ಕೆಂಪು ದೀಪ ಮ್ಯಾಲ ಹೋಗಿ ಕಾಣದಂಗ ಆಯ್ತು. ದಾರಿ ಖಾಲಿ ಅದ ಅಂತ ಜೋರ್ ಬಂದೆ. ತಿರುವು ಹೊಳ್ಳಿದ್ನೋ ಇಲ್ಲೋ... ಗಾಡಿ ಅಲ್ಲೇ ನಿಂತದ್ರಿ! ಬಿಳಿ ಕಾರು. ದೀಪಿಲ್ಲ, ಸಪ್ಪಳಿಲ್ಲ. ಮುಂದ ಯಾರೂ ಇಲ್ಲ. ಹಿಂದಿನ ಸೀಟಿನ್ಯಾಗ ಒಬ್ಬಾಕಿ ಮುದುಕಿ ಕಾಲು ಚಾಚಿ ಕುಂತಾಳ. ಹಿಂದಿನ ಗಾಲಿಗಿ ಬೆನ್ನು ಕೊಟ್ಟು ಒಬ್ಬ ಮುತ್ಯಾ ಕುಂತಾನ. ನನ್ನ ನೋಡಿ ಕೈ ಮಾಡಿದ... ಬಾಜೂಕ ಸರಿ, ಸರಿ ಅನ್ನೋಹಂಗ. ಅವನ ಮ್ಯಾಲ ಹೋಗಬಾರದಂತ ಹ್ಯಾಂಡಲ್ ತಿರುವಿದೆ. ಅಷ್ಟೇ ನೆನಪು."

ಅವನ ಹೆಂಡತಿ ಸೂಜಿ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

"ನೀವು ಏನರ ಗಾಡಿ ತಂದೀರೇನ್ರಿ ಅಣ್ಣಾರ?" ಎಂದು ಕೇಳಿದಳು.

"ಇಲ್ಲವ್ವಾ... ಬಸ್ಸಿಗಿ ಬಂದೀನಿ."

ಅದು ಮೂರನೆಯ ಸುಳ್ಳು.

ಈಗ ಅಕ್ಕ ನಮ್ಮ ಮನೆಯಲ್ಲೇ ಇದ್ದಾಳೆ. ಕೋಲು ಬಿಟ್ಟು ನಡೆಯುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ನನ್ನನ್ನು ಬೈಯುತ್ತಾಳೆ. ಹಗಲೆಲ್ಲ ಸರಿಯೇ. ಸಂಜೆ ದೀಪ ಹಚ್ಚಿದ ಮೇಲೆ, ಏಳೂವರೆ ಸುಮಾರಿಗೆ, ಅವತ್ತು ನಾವು ಏರಿನಲ್ಲಿ ನಿಂತಿದ್ದ ಹೊತ್ತಿಗೆ, ಕೂತಲ್ಲೇ ಅವಳಿಗೊಂದು ಮಂಪರು ಹತ್ತುತ್ತದೆ. ಕಣ್ಣು ಮುಚ್ಚಿಯೇ, ದಿನಾ ಅದೇ ಮಾತು.

"ಕಲ್ಲು ಹಾಕಿದ್ಯಾ ತಮ್ಮಾ?"

"ಹಾಕೀನಿ ಅಕ್ಕಾ," ಎನ್ನುತ್ತೇನೆ. ಅವಳು ತಲೆಯಾಡಿಸಿ ಸುಮ್ಮನಾಗುತ್ತಾಳೆ. ಎಚ್ಚರವಾದ ಮೇಲೆ ಕೇಳಿದರೆ ಏನೂ ನೆನಪಿಲ್ಲ.

ಕಾರಿನ ಪುಸ್ತಕವನ್ನು ಈಗ ಪೂರ್ತಿ ಓದಿದ್ದೇನೆ. ಯಾವ ಬಟನ್ ಎಷ್ಟು ಹೊತ್ತು ಹಿಡಿಯುತ್ತದೆ, ಯಾವಾಗ ಬಿಡುತ್ತದೆ, ಎಲ್ಲ ಬಾಯಿಪಾಠ. ಆದರೂ ಶಹಾಪುರದ ಸಪಾಟು ರಸ್ತೆಯಲ್ಲಿ, ಏರೇ ಇಲ್ಲದ ಕಡೆ, ನಿಂತ ಕಾರಿನ ಬ್ರೇಕ್ ಬಿಟ್ಟಾಗ ಒಮ್ಮೊಮ್ಮೆ ಹಿಂದಿನಿಂದ ಏನೋ ಹಿಡಿದಂತಾಗುತ್ತದೆ. ಎರಡು ಸೆಕೆಂಡಲ್ಲ, ಮೂರಲ್ಲ. ಇಳಿದು ಹಿಂದೆ ಹೋಗಿ ನೋಡಿದರೆ ಏನೂ ಇರುವುದಿಲ್ಲ. ಕೀಲೆಣ್ಣೆಯ ವಾಸನೆ ಬಿಟ್ಟರೆ.

ಹೋದ ವಾರ ಸುಳ್ಳು ಹೇಳಿ ಹೇಳಿ ಸಾಕಾಗಿ, ಸಿದ್ದಮ್ಮ ಬೇಡ ಬೇಡ ಎಂದು ಕೈ ಹಿಡಿದರೂ ಕೇಳದೆ, ಅಕ್ಕನಿಗೆ ಖರೆ ಹೇಳಿಬಿಟ್ಟೆ.

"ಇಲ್ಲ ಅಕ್ಕಾ. ಹಾಕಲಿಲ್ಲ. ಹಂಗೇ ಬಿಟ್ಟು ಬಂದೆ."

ಈ ಸಲ ಅವಳು ತಲೆಯಾಡಿಸಲಿಲ್ಲ. ಕಣ್ಣು ಮುಚ್ಚಿಯೇ ಇತ್ತು. ಚಾಪೆಯ ಮೇಲೆ ಮಡಚಿ ಕೂತಿದ್ದ ಕಾಲುಗಳನ್ನು ನಿಧಾನಕ್ಕೆ ಮುಂದೆ ಚಾಚಿದಳು, ಕೆಳಗೆ ದಿಂಬು ಇದ್ದಂತೆ. ಆಮೇಲೆ ಮೆಲ್ಲಗೆ, ಸಂಕಟದಿಂದ ಎಂದಳು:

"ಹಂಗಾದ್ರ ನಾವಿನ್ನೂ ಅಲ್ಲೇ ಅದೀವಿ ತಮ್ಮಾ... ಪಾಪ, ಮುತ್ಯಾನ ಬೆನ್ನು ಎಷ್ಟಂತ ತಡದೀತು?"